ಸೇಫ್ಟಿ ಮಾಮನ ಹಸಿರು ಊರು

ಅವರ ಎಡಹುಬ್ಬಿನ ಮೇಲೆ ಒಂದು ನೀಲಿ ಗೆರೆ ಇತ್ತು. ಯಾರೋ ಬಾಲ್‌ಪೆನ್ನಿನಿಂದ ಗೀಚಿ ಬಿಟ್ಟ ಹಾಗೆ, ಹುಬ್ಬಿನ ತುದಿಯಿಂದ ಹಣೆಯ ಕಡೆಗೆ ಬೆರಳುದ್ದ. ನಾನು ಮದುವೆಯಾಗಿ ಅಬುಧಾಬಿ ಕಡೆಯ ರುವೈಸಿನ ಕಂಪೆನಿ ಕ್ವಾರ್ಟರ್ಸಿಗೆ ಬಂದಿಳಿದ ದಿನ ಎದುರು ಫ್ಲ್ಯಾಟಿನಿಂದ ಬಂದು ಸೂಟ್‌ಕೇಸು ಎತ್ತಿಕೊಟ್ಟವರು ಅವರೇ. ನನ್ನ ಬಾಯಿಗೆ ಮೊದಲಿಂದಲೂ ಬೀಗ ಇಲ್ಲ. "ಹಣೆಗೆ ಶಾಯಿ ಹತ್ತಿದೆ, ಒರೆಸಿಕೊಳ್ಳಿ" ಎಂದುಬಿಟ್ಟೆ. ಗಂಡ ನನ್ನ ಕೈ ಚಿವುಟಿದರು. ಅವರು ಮಾತ್ರ ನಕ್ಕರು.

"ಒರೆಸಿ ಒರೆಸಿ ಸಾಕಾಯ್ತು ಮಾರಾಯ್ತಿ. ಅದು ಕಲ್ಲಿದ್ದಲು. ಗಾಯದ ಒಳಗೆ ಹೊಕ್ಕು ಕೂತದ್ದು, ಇನ್ನು ನನ್ನ ಜೊತೆಯೇ ಹೋಗುವುದು."

ಕಂಪೆನಿಯಲ್ಲಿ ಅವರು ಸೇಫ್ಟಿ ಸೂಪರ್‌ವೈಸರ್. ಕ್ವಾರ್ಟರ್ಸಿನ ಮಕ್ಕಳೆಲ್ಲ ಸೇಫ್ಟಿ ಮಾಮ ಎಂದು ಕರೆಯುತ್ತಿದ್ದರು, ಮಕ್ಕಳನ್ನು ನೋಡಿ ನಾವೂ. ಮೂಲ ಉಡುಪಿ ಕಡೆಯವರು, ಆದರೆ ಉಡುಪಿಯಲ್ಲಿ ಬೆಳೆದವರಲ್ಲ. ಅವರ ಅಪ್ಪ ನಾಗಪುರದಿಂದ ಆಚೆ ಒಂದು ಕಲ್ಲಿದ್ದಲು ಗಣಿಯ ಊರಿಗೆ ಹೋಗಿ, ಗಣಿಯ ಗೇಟಿನ ಎದುರು ಇಡ್ಲಿ ಹೋಟೆಲು ಇಟ್ಟವರು. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿ, ಅಲ್ಲೇ ಗಣಿಗೆ ಇಳಿದರು. ಹಾಗಾಗಿ ಮಾಮನ ಭಾಷೆ ಒಂದು ಕಲಸುಮೇಲೋಗರ. ಕನ್ನಡದಲ್ಲಿ ಶುರುವಾಗಿ, ಹಿಂದಿಗೆ ಹಾರಿ, ಸಿಟ್ಟು ಬಂದರೆ ತುಳುವಿಗೆ ಇಳಿದು, ಕೊನೆಗೆ "ಖಲಾಸ್" ಎಂದು ಅರಬ್ಬಿಯಲ್ಲಿ ನಿಲ್ಲುತ್ತಿತ್ತು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳದೆ ಬಿಡುತ್ತೇನೆಯೇ? ಕೇಳಿದೆ. "ಯಾರೂ ಹೆಣ್ಣು ಕೊಡಲಿಲ್ಲ, ಹಣೆಯಲ್ಲಿ ಶಾಯಿ ಉಂಟಲ್ಲ" ಎಂದರು.

ರುವೈಸ್ ಎಂದರೆ ಒಂದು ಕಡೆ ಸಮುದ್ರ, ಒಂದು ಕಡೆ ಮರಳು, ನಡುವೆ ರಿಫೈನರಿ. ಗಂಡ ಶಿಫ್ಟಿಗೆ ಹೋದರೆ ಹನ್ನೆರಡು ಗಂಟೆ ನಾನೊಬ್ಬಳೇ. ಮಾತಾಡಲು ಗೋಡೆ, ಜಗಳಾಡಲು ಎ.ಸಿ. ಕಿಟಕಿಯಿಂದ ನೋಡಿದರೆ ಕಂಪೆನಿಯವರು ಹಾಕಿದ ಹುಲ್ಲುಹಾಸು, ಅದರಾಚೆ ಬೇಲಿ, ಬೇಲಿಯಾಚೆ ಬಿಸಿಲು ಬಿಟ್ಟರೆ ಮತ್ತೇನೂ ಇಲ್ಲ. ಆ ಒಂಟಿತನವನ್ನು ನಾನು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಅಮ್ಮನಿಗಂತೂ "ರಾಣಿಯ ಹಾಗೆ ಇದ್ದೇನೆ" ಎನ್ನುತ್ತಿದ್ದೆ.

ಸೇಫ್ಟಿ ಮಾಮ ಪ್ರತಿ ಸಂಜೆ ಕೆಲಸದಿಂದ ಬಂದವರು ತಮ್ಮ ಬಾಗಿಲು ತೆಗೆಯುವ ಮೊದಲು ನಮ್ಮ ಬೆಲ್ ಒಂದು ಸಲ ಒತ್ತುತ್ತಿದ್ದರು. "ಇದ್ದೀರಾ?" ನಾನು ಒಳಗಿಂದಲೇ "ಇದ್ದೇನೆ ಮಾಮ" ಎನ್ನಬೇಕು. ಅಷ್ಟೇ. ಒಳಗೆ ಬರುತ್ತಿರಲಿಲ್ಲ, ಚಹಾ ಬೇಡ. ಮೇಲಿನ ಮಹಡಿಯ ಮಲಯಾಳಿ ಹುಡುಗರಿಗೂ ಇದೇ, ಕೆಳಗಿನ ಮಂಗಳೂರಿನ ನರ್ಸಮ್ಮನಿಗೂ ಇದೇ. ಮೊದಮೊದಲು ನನಗೆ ರೇಗುತ್ತಿತ್ತು. ಇಲ್ಲದೆ ನಾನು ಎಲ್ಲಿಗೆ ಹೋಗಲಿ ಈ ಮರಳಿನಲ್ಲಿ? ಒಂದು ದಿನ ಬಾಗಿಲು ತೆಗೆದು ಕೇಳಿಯೇಬಿಟ್ಟೆ, "ಮಾಮ, ನಾವೇನು ಜೈಲಿನವರಾ, ದಿನಾ ಹಾಜರಿ ಕೂಗಲಿಕ್ಕೆ?"

"ಜೈಲಲ್ಲ. ಆದರೆ ಯಾರು ಎಲ್ಲಿದ್ದಾರೆ ಅಂತ ಒಬ್ಬರಿಗಾದರೂ ಗೊತ್ತಿರ್ಬೇಕಲ್ವಾ?" ಎಂದು ಹೇಳಿ, ಚಪ್ಪಲಿ ಬಿಚ್ಚಿ ತಮ್ಮ ಮನೆಯೊಳಗೆ ಹೋದರು.

ನನ್ನ ಅಮ್ಮ ತೀರಿಕೊಂಡಾಗ ನನ್ನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆಂದು ಯಾವುದೋ ಆಫೀಸಿನಲ್ಲಿ ಸಿಕ್ಕಿಬಿದ್ದಿತ್ತು. ಹೋಗಲಾಗಲಿಲ್ಲ. ಹೆತ್ತಮ್ಮನ ಮುಖವನ್ನು ನಾನು ಕೊನೆಯ ಸಲ ನೋಡಿದ್ದು ಅಣ್ಣ ಹಿಡಿದ ಮೊಬೈಲಿನಲ್ಲಿ, ಅದೂ ಅಡ್ಡಡ್ಡ. ಕೆಲವು ವಾರಗಳ ನಂತರ ನಮ್ಮ ಕನ್ನಡದವರ ಸಂಘದವರು ಲಿವಾ ಮರಳುದಿಬ್ಬಗಳಿಗೆ ಪಿಕ್‌ನಿಕ್ ಇಟ್ಟುಕೊಂಡರು. ಗಂಡ ಒತ್ತಾಯದಿಂದ ಕರೆದುಕೊಂಡು ಹೋದರು. ಅಂತ್ಯಾಕ್ಷರಿ, ಬಿರಿಯಾನಿ, ಹಗ್ಗಜಗ್ಗಾಟ. ನನಗೆ ತಡೆಯಲಾಗಲಿಲ್ಲ. ಎದ್ದು ದಿಬ್ಬದ ಹಿಂದೆ ಹೋಗಿ ಕುಳಿತು ಹೊಟ್ಟೆಯಿಂದ ಅತ್ತೆ. ಎಷ್ಟು ಹೊತ್ತು ಅತ್ತೆನೋ, ಬಸ್ಸು ಹೊರಡುವ ಹೊತ್ತಾಗಿದ್ದೂ ತಿಳಿಯಲಿಲ್ಲ. ಮುಂದಿನ ಸೀಟಿನಲ್ಲಿದ್ದ ಗಂಡ ನಾನು ಹಿಂದೆ ಹೆಂಗಸರ ಜೊತೆ ಇದ್ದೇನೆ ಎಂದುಕೊಂಡರು, ಹೆಂಗಸರು ನಾನು ಮುಂದೆ ಗಂಡನ ಜೊತೆ ಇದ್ದೇನೆ ಎಂದುಕೊಂಡರು. ಮಾಮ ಒಬ್ಬರೇ ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, "ಒಬ್ಬರು ಕಡಿಮೆ. ಹೊರಡುವಂತಿಲ್ಲ" ಎಂದರಂತೆ. ಕತ್ತಲಾಗುತ್ತದೆ ಎಂದು ಕಾರ್ಯದರ್ಶಿ ಹಾರಾಡಿದರೂ ಕದಲಲಿಲ್ಲವಂತೆ.

ಮರಳಿನಲ್ಲಿ ಏದುಸಿರು ಬಿಡುತ್ತ ಬಂದು ನನ್ನೆದುರು ನಿಂತರು. ನನ್ನ ಮುಖ ನೋಡಿದರು. "ಯಲ್ಲಾ, ನಡಿ, ಬಸ್ಸು ಕಾಯ್ತಾ ಉಂಟು" ಎಂದು ಕೈ ಚಾಚಿದರು. ಬಸ್ಸಿನಲ್ಲಿ ಎಲ್ಲರೂ ಏನಾಯಿತು ಏನಾಯಿತು ಎಂದಾಗ, "ಶೂ ಒಳಗೆ ಮರಳು ಹೊಕ್ಕಿತ್ತಂತೆ, ತೆಗೀತಾ ಕೂತಿದ್ಲು" ಎಂದುಬಿಟ್ಟರು. ನಾನು ಶೂ ಹಾಕಿರಲಿಲ್ಲ. ಅವತ್ತಿನಿಂದ ಅವರ ಸಂಜೆಯ ಬೆಲ್ಲಿಗಾಗಿ ನಾನೇ ಕಾಯತೊಡಗಿದೆ.

ವರ್ಷಗಳು ಉರುಳಿದವು. ಮಗಳ ಓದಿಗಾಗಿ ನಾನೂ ಅವಳೂ ದುಬೈ ಸಿಲಿಕಾನ್ ಓಯಸಿಸ್‌ಗೆ ಬಂದೆವು. ನಾನೂ ಅಲ್ಲೊಂದು ಆಫೀಸಿನ ಕೆಲಸ ಹಿಡಿದೆ. ಗಂಡ ರುವೈಸಿನಲ್ಲೇ ಉಳಿದು ವಾರಾಂತ್ಯಕ್ಕೆ ಬಂದುಹೋಗುವ ನೆಂಟರಾದರು. ಸೇಫ್ಟಿ ಮಾಮನನ್ನು ಕಂಪೆನಿ ಅಬುಧಾಬಿ ಆಫೀಸಿಗೆ ಹಾಕಿತು. ಹಮ್ದಾನ್ ಸ್ಟ್ರೀಟಿನ ಹಿಂದೆ ಒಂದು ಹಳೆಯ ಕಟ್ಟಡದಲ್ಲಿ ಕೋಣೆ. ದುಬೈಯ ನಮ್ಮ ಟವರಿನಲ್ಲಿ ಪಕ್ಕದ ಫ್ಲ್ಯಾಟಿನವರ ಮುಖ ನಾನು ಈವರೆಗೂ ಸರಿಯಾಗಿ ನೋಡಿಲ್ಲ. ಲಿಫ್ಟಿನಲ್ಲಿ ಎಲ್ಲರೂ ಫೋನು ನೋಡುತ್ತಾರೆ. ಮಾಮ ಬೆಲ್ ಒತ್ತಲು ಬಾಗಿಲು ಸಿಗದೆ, ಸಂಜೆ ಫೋನು ಮಾಡಿ "ಇದ್ದೀಯಾ?" ಎನ್ನುತ್ತಿದ್ದರು. "ಇದ್ದೇನೆ" ಎಂದರೆ ಇಟ್ಟುಬಿಡುತ್ತಿದ್ದರು.

ಒಂದು ಶನಿವಾರ ಅಬುಧಾಬಿಗೆ ಹೋದಾಗ ಕೋಣೆಯ ಕೆಳಗಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತ ಅವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಹಳೆಯ ಪರಿಚಯದವರೊಬ್ಬರು ಕಳಿಸಿದ್ದಂತೆ. ಡ್ರೋನಿನಿಂದ ತೆಗೆದದ್ದು. ನೀಲಿ ಕೆರೆ, ದೋಣಿಗಳು, ಹುಲ್ಲುಹಾಸು, ಸಾಲುಸಾಲು ಗಿಡ, ಹಿನ್ನೆಲೆಯಲ್ಲಿ ಕೊಳಲು. ಅವರ ಗಣಿಯ ಊರು ಅದು. ಗಣಿ ಮುಚ್ಚಿ, ಕಾರ್ಮಿಕರ ಕಾಲೊನಿ ಕೆಡವಿ, ಎಲ್ಲವನ್ನೂ ಉದ್ಯಾನ ಮಾಡಿದ್ದಾರೆ.

"ಚಂದ ಉಂಟಲ್ವಾ?" ಎಂದರು.

"ತುಂಬಾ ಚಂದ ಮಾಮ! ಕಲ್ಲಿದ್ದಲಿನ ಊರು ಅಂದರೆ ಯಾರೂ ನಂಬಲಿಕ್ಕಿಲ್ಲ."

"ಹೌದು. ನಾನೂ ನಂಬಲಿಲ್ಲ." ವಿಡಿಯೋವನ್ನು ಮತ್ತೆ ಮೊದಲಿಂದ ಓಡಿಸಿದರು. "ಇದರಲ್ಲಿ ನನ್ನ ತಮ್ಮ ಎಲ್ಲಿದ್ದಾನೆ?"

ತಮ್ಮನ ವಿಷಯ ಅವರು ಬಾಯಿಬಿಟ್ಟದ್ದು ಅವತ್ತೇ. ಅವರು ಗಣಿಯೊಳಗೆ ಪಾಳಿಯ ಮೇಸ್ತ್ರಿ, ತಮ್ಮ ಅದೇ ಪಾಳಿಯ ಕಾರ್ಮಿಕ. ಒಂದು ದಿನ ಒಳಗೆ ಬೆಂಕಿ ಹತ್ತಿತು. ಎಲ್ಲರನ್ನೂ ಹೊರಗೆ ಎಳೆದು ತಂದು ತಲೆ ಎಣಿಸಿದಾಗ ಒಬ್ಬ ಕಡಿಮೆ. ಹೊಗೆಯೊಳಗೆ ಮತ್ತೆ ಹೋಗಲು ಯಾರನ್ನೂ ಬಿಡಲಿಲ್ಲ. ಬೆಂಕಿ ಆರಬೇಕಾದರೆ ಗಾಳಿ ನಿಲ್ಲಬೇಕು, ಗಾಳಿ ನಿಲ್ಲಬೇಕಾದರೆ ಆ ಭಾಗಕ್ಕೆ ಗೋಡೆ ಕಟ್ಟಬೇಕು. ಗಣಿಯ ರೀತಿಯೇ ಅದು. ಗೋಡೆ ಕಟ್ಟಿದರು. ಆಮೇಲೆ ಅದನ್ನು ಯಾವತ್ತೂ ತೆಗೆಯಲಿಲ್ಲ.

"ಇಟ್ಟಿಗೆ ಸಾಲದೆ ಬಂದಾಗ ನಾನೂ ಹೊತ್ತು ಕೊಟ್ಟೆ" ಎಂದರು.

ಚಹಾ ಆರಿಹೋಗಿತ್ತು. ಅವರು ಮುಂದುವರಿಸಿದರು. ಅಪ್ಪ ಅಮ್ಮ ಹೋಗಿ ಕಾಲವಾಯಿತು. ಆ ಪಾಳಿಯವರಲ್ಲಿ ಈಗ ಯಾರೂ ಉಳಿದಿಲ್ಲ. ಗಣಿಯ ನಕ್ಷೆ ಯಾವ ಕಪಾಟಿನಲ್ಲಿ ಗೆದ್ದಲು ತಿಂದಿದೆಯೋ. ತಮ್ಮ ಇರುವ ಜಾಗ ಗೊತ್ತಿರುವವರು ತಾವೊಬ್ಬರೇ. ಡಾಕ್ಟರು ಎದೆಯ ಫೋಟೋ ನೋಡಿ ಮುಖ ಸಣ್ಣ ಮಾಡಿದ್ದಾರೆ. "ನಾನೂ ಹೋದರೆ ಅವನು ಎಲ್ಲಿದ್ದಾನೆ ಅಂತ ಗೊತ್ತಿರೋರು ಯಾರೂ ಇಲ್ಲ. ನೀನು ಬರ್ತೀಯಾ? ಒಂದು ಸಲ ತೋರಿಸಿಬಿಡ್ತೇನೆ."

"ನಾನು ಯಾಕೆ ಮಾಮ? ನಿಮ್ಮ ಅಣ್ಣನ ಮಗ ಇದ್ದಾನಲ್ಲ ಉಡುಪಿಯಲ್ಲಿ?"

"ದೊಡ್ಡಪ್ಪನ ಮಗನ ಮಗ ಅವನು. ಕೇಳಿದೆ. ಅವನಿಗೆ ಪುರುಸೊತ್ತಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. "ಹೋಗಿ ಬಾ, ಇಲ್ಲದಿದ್ರೆ ವರ್ಷವಿಡೀ ನನ್ನ ತಲೆ ತಿನ್ತೀಯ" ಎಂದರು. ಮನುಷ್ಯ ಒಳ್ಳೆಯವರು, ಹೇಳುವ ರೀತಿ ಮಾತ್ರ ಹಾಗೆ.

ಚಳಿಗಾಲದಲ್ಲಿ ಹೋದೆವು. ನಾಗಪುರದಿಂದ ಟ್ಯಾಕ್ಸಿ. ದಾರಿಯುದ್ದಕ್ಕೂ ಮಾಮ ಕಿಟಕಿಗೆ ಅಂಟಿಕೊಂಡಿದ್ದರು. "ಇಲ್ಲಿ ಬಜಾರು ಇತ್ತು", "ಇಲ್ಲಿ ಅಪ್ಪನ ಹೋಟೆಲು" ಎಂದು ತೋರಿಸಿದ ಕಡೆಯೆಲ್ಲ ಬೇವಿನ ಗಿಡ, ಹೊಂಗೆ ಗಿಡ. ಸ್ವಲ್ಪ ಹೊತ್ತಿಗೆ ತೋರಿಸುವುದನ್ನು ಬಿಟ್ಟುಬಿಟ್ಟರು. ಆ ಊರಿನಲ್ಲಿ ಬೆಳಿಗ್ಗೆ ಒಗೆದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣವಾಗುತ್ತಿತ್ತಂತೆ. ಈಗ ಗಾಳಿ ತಣ್ಣಗೆ, ಎಲೆಗಳು ತೊಳೆದಿಟ್ಟ ಹಾಗೆ. ನನಗೆ ನಿಜವಾಗಿಯೂ ಸಂತೋಷವಾಯಿತು. ಮರಳಿನಲ್ಲಿ ಬದುಕುವವಳಿಗೆ ಪೈಪಿನ ನೀರಿಲ್ಲದೆ ಬೆಳೆದ ಹಸಿರು ಕಂಡರೆ ಸಂತೋಷವಾಗದೆ ಇರುತ್ತದೆಯೇ? ಆದರೆ ಪಕ್ಕದಲ್ಲಿದ್ದವರ ಮುಖ ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಟಿಕೆಟ್ಟು ಕೊಂಡು ಒಳಗೆ ಹೋದರೆ, ಗಣಿಗೆ ಇಳಿಯುವ ಬಾಯಿಯನ್ನು ಕಾಂಕ್ರೀಟಿನಿಂದ ಮುಚ್ಚಿ ಅದರ ಮೇಲೆ ಚಿಟ್ಟೆಗಳ ಚಿತ್ರ ಬರೆದಿದ್ದರು. ಕಲ್ಲಿದ್ದಲು ತುಂಬುವ ಹಳೆಯ ಟ್ರಾಲಿಯಲ್ಲಿ ಚೆಂಡುಹೂವು. ಜನ ಅದರೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಾಮ ಆ ಚಿಟ್ಟೆಗಳಿಗೆ ಬೆನ್ನು ಕೊಟ್ಟು ನಿಂತು, ಕಣ್ಣು ಮುಚ್ಚಿ, ಒಂದು ಕೈಯನ್ನು ಪಕ್ಕದ ಗಾಳಿಯ ಮೇಲೆ ಇಟ್ಟರು. ಅಡಿಯಲ್ಲಿ ಅಲ್ಲಿ ಸುರಂಗದ ಗೋಡೆ ಇದ್ದಿರಬೇಕು. "ಮೇಲಿನ ಊರು ನನಗೆ ಗೊತ್ತಾಗ್ಲಿಕ್ಕಿಲ್ಲ. ಅಡಿಯದ್ದು ಗೊತ್ತುಂಟು. ಹಿಂದಿಂದ ಬಾ" ಎಂದು ಹೆಜ್ಜೆ ಎಣಿಸುತ್ತ ನಡೆಯತೊಡಗಿದರು.

ಪಾರ್ಕಿನ ದಾರಿಗೂ ಅವರ ದಾರಿಗೂ ಸಂಬಂಧವಿರಲಿಲ್ಲ. ಹೂವಿನ ಪಾತಿ ದಾಟಿದರು, ಹುಲ್ಲಿನ ನಡುವೆ ನೇರ ಹೋದರು, ಎಡಕ್ಕೆ ತಿರುಗಿದರು. ಒಂದು ಕಡೆ ಇದ್ದಕ್ಕಿದ್ದಂತೆ ತಲೆ ತಗ್ಗಿಸಿ ಬೆನ್ನು ಬಗ್ಗಿಸಿದರು. ಮೇಲೆ ಆಕಾಶ, ಒಂದು ಕೊಂಬೆ ಕೂಡ ಇಲ್ಲ. "ಎಂತ ಆಯ್ತು ಮಾಮ?" ಎಂದು ಓಡಿದೆ.

"ಏನಿಲ್ಲ. ಇಲ್ಲಿ ಸುರಂಗದ ಮಾಡು ತಗ್ಗು. ತಲೆ ತಾಗ್ತದೆ" ಎಂದರು, ಹಾಗೇ ಬಗ್ಗಿ ನಡೆಯುತ್ತ.

ಕೆಲವು ಹುಡುಗರು ನಗುತ್ತ ಮೊಬೈಲು ಎತ್ತಿದರು. ನನ್ನ ಪಿತ್ತ ನೆತ್ತಿಗೇರಿತು. ನನಗೆ ಬರುವ ಹರಕು ಹಿಂದಿಯಲ್ಲೇ ಝಾಡಿಸಿದೆ, "ಏನು ನೋಡ್ತಿದ್ದೀರಿ? ನಿಮ್ಮ ಮನೆಯಲ್ಲಿ ಮುದುಕರಿಲ್ವಾ?" ಮೊಬೈಲುಗಳು ಜೇಬಿಗೆ ಹೋದವು. ಮಾಮ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

ಹಾಗೇ ಹೋಗುತ್ತ ಹೋಗುತ್ತ ಕೆರೆಯ ಬೇಲಿ ಎದುರಾಯಿತು. ಕೆರೆ ಎಂದರೆ ಕೊನೆಕೊನೆಗೆ ಮೇಲಿನಿಂದಲೇ ಅಗೆದ ದೊಡ್ಡ ಗುಂಡಿ, ಮಳೆಯ ನೀರು ತುಂಬಿದ್ದು. ಅವರ ದಾರಿ ಇನ್ನೂ ಮುಗಿದಿರಲಿಲ್ಲ, ನೆಲ ಮುಗಿದಿತ್ತು. ಅವರು ಬೇಲಿ ಹಿಡಿದು ನೀರಿನ ಕಡೆಗೆ ಬಗ್ಗಿದರು. "ಅವನನ್ನೂ ಅಗೆದು ತೆಗೆದ್ರಾ? ಲಾರಿಯಲ್ಲಿ ಹಾಕಿ ತಗೊಂಡು ಹೋದ್ರಾ?" ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರುತ್ತದೆ ಎಂಬಂತೆ. ನಾನು ಹೆದರಿಹೋದೆ. ಹಿಡಿದು ಕೂರಿಸಿ ನೀರು ಕುಡಿಸಿದೆ. ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಆ ಪೇಚಾಟ ನೋಡಲಾಗದೆ, "ಸಾಕು ಮಾಮ, ಹೋಗುವ" ಎಂದೆ.

ಅವರು ಕೆರೆಯ ದಡ ನೋಡುತ್ತ ಕುಳಿತರು. ಪ್ರವಾಸಿಗರು ನೀರಿಗೆ ಇಳಿಯುವ ಮೆಟ್ಟಿಲು ಇಳಿಜಾರಾಗಿತ್ತು. ಅದನ್ನೇ ನೋಡುತ್ತಿದ್ದವರು ಹಣೆಗೆ ಪಟ್ಟನೆ ಬಡಿದುಕೊಂಡರು.

"ಎಂಥ ಮಂಡೆ ನನ್ನದು! ಅಡಿಯಲ್ಲಿ ನಾವು ಇಳೀತಾ ಇಳೀತಾ ಹೋಗ್ತಿದ್ದದ್ದು. ಇಲ್ಲಿ ಸಪಾಟು ನೆಲ." ತಮ್ಮ ತೋಳನ್ನು ಓರೆಯಾಗಿ ಚಾಚಿ ನನಗೆ ತೋರಿಸಿದರು. "ನೋಡು, ಓರೆಯಲ್ಲಿ ಇಷ್ಟು ನಡೆದ್ರೆ ಮೇಲೆ ಅಷ್ಟು ದೂರ ಬರೋದೇ ಇಲ್ಲ. ನಾವು ಅವನನ್ನು ದಾಟಿ ಬಂದುಬಿಟ್ಟಿದ್ದೇವೆ."

ವಾಪಸು ನಡೆದೆವು. ಈಗ ಅವರು ನಿಧಾನ. ನಿಲ್ಲುವುದು, ಯೋಚಿಸುವುದು, ಮತ್ತೆ ಸ್ವಲ್ಪ. ಕೊನೆಗೆ ನಿಂತದ್ದು ಒಂದು ಸಾದಾ ಹುಲ್ಲಿನ ಮೇಲೆ. ಅಲ್ಲಿ ಇಬ್ಬರು ಹುಡುಗಿಯರು ಬಲೆ ಇಲ್ಲದೆ ಬ್ಯಾಡ್ಮಿಂಟನ್ ಆಡುತ್ತಿದ್ದರು. ಮಾಮ ಅವರ ನಡುವೆ ಹೋಗಿ ಚಪ್ಪಲಿ ಬಿಚ್ಚಿ ನಿಂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಹುಡುಗಿ ಮರ್ಯಾದೆಯಿಂದಲೇ, "ದಾದಾಜೀ, ಥೋಡಾ ಸೈಡ್ ಮೇ" ಎಂದಳು. "ಹಾಂ ಬೇಟಾ, ಹಾಂ" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿದರು. ಅಷ್ಟು ವರ್ಷ ಕಾದು, ಸಮುದ್ರ ದಾಟಿ ಬಂದ ಮನುಷ್ಯ ತಮ್ಮನ ಮೇಲೆ ನಿಲ್ಲಲು ಎರಡು ನಿಮಿಷವೂ ಸಿಗದೆ ಸರಿದು ನಿಂತರಲ್ಲ. ಹುಡುಗಿಯರದೇನು ತಪ್ಪು, ಅವರು ಆಡಲು ಬಂದವರು.

ಅವರು ಸುಧಾರಿಸಿಕೊಂಡ ಮೇಲೆ ನನಗೆ ಪಾಠ ಶುರುವಾಯಿತು.

"ಈಗ ಹೇಳು. ಇನ್ನೊಂದು ಸಲ ಬಂದ್ರೆ ಈ ಜಾಗ ಹ್ಯಾಗೆ ಹುಡುಕ್ತೀ?"

"ಆ ಬೇವಿನ ಮರ..."

"ಮರ ಹೇಳ್ಬೇಡ. ಮರ ಕಡೀತಾರೆ."

"ಆ ಬೆಂಚು?"

"ಬೆಂಚು ನಾಳೆ ಎತ್ತಿ ಬೇರೆ ಕಡೆ ಇಡ್ತಾರೆ. ದೂರದ್ದು ನೋಡು, ಯಾರ ಕೈಯಲ್ಲೂ ಸರಿಸ್ಲಿಕ್ಕೆ ಆಗದ್ದು."

ದೂರದಲ್ಲಿ ಒಂದು ಹಸಿರು ಗುಡ್ಡ. ಗಣಿಯಿಂದ ತೆಗೆದ ಮಣ್ಣು ಸುರಿದು ಸುರಿದು ಆದದ್ದು, ಈಗ ಅದರ ಮೇಲೂ ಕಾಡು ಬೆಳೆಸಿದ್ದಾರೆ. ಅದರ ನೆತ್ತಿಯಲ್ಲಿ ಒಂದು ತಗ್ಗು. ಗಣಿಯ ಬಾಯಿ ಬೆನ್ನಿಗೆ, ಗುಡ್ಡದ ಆ ತಗ್ಗು ಬಲಗಣ್ಣಿನ ನೇರಕ್ಕೆ, ಕೆರೆ ಇನ್ನೂ ಕಾಣಬಾರದು. ನಾನು ಒಪ್ಪಿಸಿದೆ. ಮತ್ತೊಮ್ಮೆ ಹೇಳಿಸಿದರು. ಬೇರೆ ಕಡೆ ಹೋಗಿ ನಿಂತು ವಾಪಸು ಬಾ ಎಂದರು, ಬಂದೆ. "ಶಾಬಾಸ್" ಎಂದರು. ಶಾಲೆಯಲ್ಲಿ ಕೂಡ ನನಗೆ ಯಾರೂ ಹಾಗೆ ಶಾಬಾಸ್ ಹೇಳಿರಲಿಲ್ಲ.

ಸಂಜೆ ಪಾರ್ಕು ಮುಚ್ಚುವ ಹೊತ್ತಿಗೆ ಕಾವಲುಗಾರ ಸೀಟಿ ಊದಿದ. ಗೇಟಿನಲ್ಲಿ ನಮ್ಮನ್ನು ನೋಡಿ, "ನಿಮ್ಮವರೆಲ್ಲ ಬಂದ್ರಾ?" ಎಂದು ಕೇಳಿದ. ಮಾಮ ಬಾಯಿ ತೆರೆದರು. ನಾನು ಅವರ ತೋಳು ಹಿಡಿದು, "ಬಂದ್ವಿ, ಬಂದ್ವಿ" ಎಂದು ಹೊರಗೆ ಕರೆತಂದೆ. ಟ್ಯಾಕ್ಸಿಯಲ್ಲಿ ನಾಗಪುರದ ದೀಪಗಳು ಕಾಣುವಾಗ, "ಎಲ್ಲರೂ ಬಂದ್ವಿ ಅಂದಿಯಲ್ಲ ಮಾರಾಯ್ತಿ" ಎಂದರು. ಸಿಟ್ಟಿನಿಂದ ಅಲ್ಲ.

ಮುಂದಿನ ಬೇಸಗೆಯಲ್ಲಿ ಅವರು ಅಬುಧಾಬಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ನಾನು ಪಕ್ಕದಲ್ಲೇ ಇದ್ದೆ, ಆಮ್ಲಜನಕದ ಮಾಸ್ಕಿನೊಳಗಿಂದ ಏನೋ ಕೇಳಿದರು. ಕೇಳಿಸಲಿಲ್ಲ. ಏನು ಕೇಳಿರಬಹುದು ಎಂದು ಊಹಿಸಿ, "ಗುಡ್ಡದ ತಗ್ಗು ಬಲಗಣ್ಣಿಗೆ, ಕೆರೆ ಕಾಣಬಾರದು" ಎಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ಅಲ್ಲೇ ದಹನ ಮಾಡಿದೆವು. ಉಡುಪಿಯ ಹುಡುಗ ವಿಸಿಟ್ ವೀಸಾದಲ್ಲಿ ಬಂದು ಅಸ್ಥಿ ತೆಗೆದುಕೊಂಡು ಹೋಗಿ ಮಲ್ಪೆಯಲ್ಲಿ ಸಮುದ್ರಕ್ಕೆ ಬಿಟ್ಟ. ಅದಕ್ಕೂ ಮೊದಲು ಮೆಲ್ಲಗೆ ಕೇಳಿದ್ದೆ, "ಸ್ವಲ್ಪ ಅವರ ತಮ್ಮ ಇರುವಲ್ಲಿಗೆ..." ಅವನು ಪಾಪ, ನಯವಾಗಿಯೇ ಹೇಳಿದ, "ಆಂಟಿ, ಅವರಿಗೆ ತಮ್ಮ ಇದ್ದದ್ದೇ ನಮಗೆ ಸರಿಯಾಗಿ ಗೊತ್ತಿಲ್ಲ. ಮನೆಯಲ್ಲಿ ಮಲ್ಪೆ ಅಂತ ಹೇಳಿದ್ದಾರೆ." ನಾನು ಯಾರು ಜಗಳಾಡಲಿಕ್ಕೆ? ಎದುರು ಫ್ಲ್ಯಾಟಿನವಳು. ವಾಪಸು ಬಂದು ಲಿಫ್ಟಿನಲ್ಲಿ ಅತ್ತೆ. ಜೊತೆಗಿದ್ದವರು ಫೋನು ನೋಡುತ್ತಲೇ ಇದ್ದರು.

ಸಂಜೆಯಾದರೆ ನಮ್ಮ ಮನೆಯಲ್ಲಿ ಈಗ ಯಾವ ಸದ್ದೂ ಇಲ್ಲ. ಮಗಳು ಹೆಡ್‌ಫೋನು ಹಾಕಿ ತನ್ನ ಕೋಣೆಯಲ್ಲಿ. ನಾನು ಆಫೀಸಿನಿಂದ ಬಂದೆನೋ ಇಲ್ಲವೋ ಎಂದು ಕೇಳುವವರಿಲ್ಲ. ಆ ಮನುಷ್ಯ ನನಗೆ ಕೊಟ್ಟದ್ದು ಎಂಥದ್ದು ಎಂದು ಅದು ನಿಂತ ಮೇಲೆ ಗೊತ್ತಾಯಿತು. ಅದನ್ನು ಅವರಿಗೆ ತೀರಿಸಲು ಉಳಿದಿರುವುದು ಒಂದೇ ದಾರಿ.

ಈ ವರ್ಷದ ರಜೆಗೆ ಗಂಡ ಮತ್ತು ಮಗಳು ಜಾರ್ಜಿಯಾಕ್ಕೆ ಹೋಗುವುದೆಂದು ಗುಸುಗುಸು ನಡೆಸಿದ್ದರು. ಮಂಜಿನ ಬೆಟ್ಟ, ಕೇಬಲ್ ಕಾರು. ನಾನು ನಾಗಪುರದ ಟಿಕೆಟ್ಟು ಮಾಡಿಸಿದೆ, ಮೂವರಿಗೂ. ಊಟದ ಮೇಜಿನಲ್ಲಿ ಹೇಳಿದಾಗ ಮಗಳು ಹೆಡ್‌ಫೋನು ಕೆಳಗಿಳಿಸಿ, "ನಾಗ್‌ಪುರ್? ಸೀರಿಯಸ್ಲೀ, ಮಮ್ಮಿ?" ಎಂದಳು. ಗಂಡ ಚಮಚ ಕೆಳಗಿಟ್ಟರು.

"ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?"

"ನೋಡ್ಲಿಕ್ಕೆ ಎಂತದೂ ಇಲ್ಲ. ಒಬ್ಬ ಇದ್ದಾನೆ. ಎಲ್ಲಿ ಅಂತ ನಿಮಗಿಬ್ಬರಿಗೂ ತೋರಿಸಿಬಿಡ್ತೇನೆ."